ಕಿಸ್ರಾನ ರತ್ನಗಂಬಳಿ ಮತ್ತು ಸಲ್ಮಾನರ ಖರ್ಜೂರದ ಗರಿ

ಹಿಜರಿ ಶಕ 16ರಲ್ಲಿ, ಅಂದರೆ ಕ್ರಿ.ಶ. 637ರಲ್ಲಿ, ಸಅದ್ ಬಿನ್ ಅಬೀ ವಕ್ಕಾಸ್(ರ)ರವರ ನೇತೃತ್ವದ ಮುಸ್ಲಿಮ್ ಸೇನೆಯು ಟೈಗ್ರಿಸ್ ನದಿಯನ್ನು ದಾಟಿ ಮದಾಯಿನ್ ನಗರವನ್ನು ಪ್ರವೇಶಿಸಿತು. ಅದು ಸಾಸಾನಿ ದೊರೆಗಳ ರಾಜಧಾನಿ. ಕೊನೆಯ ದೊರೆಯಾದ ಮೂರನೆಯ ಯಝ್ದಗಿರ್ದ್ ಅಷ್ಟರಲ್ಲಾಗಲೇ ಹುಲ್ವಾನಿನ ಕಡೆಗೆ ಪಲಾಯನ ಮಾಡಿದ್ದನು. ಒಯ್ಯಲು ಸಾಧ್ಯವಾದುದನ್ನು ಅವನ ಜನರು ಒಯ್ದಿದ್ದರು. ಉಳಿದುದು ಅರಮನೆಯ ಉಗ್ರಾಣಗಳಲ್ಲಿ ಹಾಗೆಯೇ ಬಿದ್ದಿತ್ತು. ಹಾಗೆ ಉಳಿದ ಸಂಪತ್ತನ್ನು ಕಂಡು ಮರುಭೂಮಿಯಿಂದ ಬಂದ ಆ ಜನರಿಗೆ ದಿಕ್ಕು ತೋಚಲಿಲ್ಲ. ಉಗ್ರಾಣದಲ್ಲಿ ಸಿಕ್ಕಿದ ಕರ್ಪೂರವನ್ನು ಅವರು ಉಪ್ಪೆಂದು ಬಗೆದು ಹಿಟ್ಟಿಗೆ ಬೆರೆಸಿದರು. ರೊಟ್ಟಿ ಬಾಯಿಗೆ ಕಹಿಯಾದಾಗಲೇ ಅದು ಉಪ್ಪಲ್ಲವೆಂದು ಅವರಿಗೆ ತಿಳಿಯಿತು ಎಂದು ಇತಿಹಾಸಕಾರ ತಬರಿ ದಾಖಲಿಸಿದ್ದಾರೆ.

ಈ ಪ್ರಸಂಗವನ್ನು ಓದಿ ನಾವು ನಗಬಹುದು. ಆದರೆ ಕರ್ಪೂರವನ್ನೂ ಉಪ್ಪನ್ನೂ ಬೇರ್ಪಡಿಸಲು ತಿಳಿಯದ ಆ ಜನರ ಕೈಗೆ ಒಂದೇ ಋತುವಿನಲ್ಲಿ ಆ ಕಾಲದ ಜಗತ್ತಿನ ಅತಿ ದೊಡ್ಡ ಖಜಾನೆಗಳಲ್ಲೊಂದು ಬಂದು ಬಿದ್ದಿತೆಂಬುದು ನಗುವ ವಿಷಯವಲ್ಲ. ಇಸ್ಲಾಮೀ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಖಾದಿಸಿಯ್ಯಾದ ಯುದ್ಧವನ್ನು ವಿವರವಾಗಿ ಬಣ್ಣಿಸಿ ಮದಾಯಿನನ್ನು ಒಂದೆರಡು ಪುಟಗಳಲ್ಲಿ ಮುಗಿಸಿಬಿಡುತ್ತಾರೆ. ನಮ್ಮ ದೃಷ್ಟಿಯಲ್ಲಿ ಆ ತಲೆಮಾರಿನ ಹೆಚ್ಚು ಕಠಿಣವಾದ ಪರೀಕ್ಷೆಯು ರಣರಂಗದಲ್ಲಿ ನಡೆಯಲಿಲ್ಲ. ಅದು ಆ ಉಗ್ರಾಣಗಳ ಬಾಗಿಲಲ್ಲಿ ಆರಂಭವಾಯಿತು ಮತ್ತು ಅವರಲ್ಲಿ ಕೆಲವರಿಗೆ ಮರಣಶಯ್ಯೆಯವರೆಗೂ ಮುಗಿಯಲಿಲ್ಲ.

ಸಮರಾರ್ಜಿತ ಸೊತ್ತನ್ನು ಒಂದೆಡೆ ಕಲೆಹಾಕಿ ಲೆಕ್ಕ ಬರೆಯುವ ಕೆಲಸ ನಡೆಯುತ್ತಿತ್ತು. ಒಬ್ಬ ಸೈನಿಕನು ಒಂದು ಪೆಟ್ಟಿಗೆಯನ್ನು ತಂದು ಮೇಲ್ವಿಚಾರಕರ ಮುಂದೆ ಇಟ್ಟನು. ಅದನ್ನು ತೆರೆದು ನೋಡಿದವರು, ತಮ್ಮ ಬಳಿ ಅದುವರೆಗೆ ಸಂಗ್ರಹವಾದ ಯಾವುದೂ ಇದಕ್ಕೆ ಸಮವಲ್ಲವೆಂದು ಬೆರಗಾದರು. ಇದರಿಂದ ಏನನ್ನಾದರೂ ತೆಗೆದುಕೊಂಡಿದ್ದೀಯಾ ಎಂದು ಕೇಳಿದರು. ಅಲ್ಲಾಹನ ಭಯವಿಲ್ಲದಿರುತ್ತಿದ್ದರೆ ಇದನ್ನು ನಿಮ್ಮ ಬಳಿಗೆ ತರುತ್ತಲೇ ಇರಲಿಲ್ಲವೆಂದು ಅವನು ಉತ್ತರಿಸಿದನು. ಹೆಸರೇನೆಂದು ಕೇಳಿದರೆ ಹೇಳಲಿಲ್ಲ. ಹೆಸರು ತಿಳಿದರೆ ನೀವು ನನ್ನನ್ನು ಹೊಗಳುತ್ತೀರಿ, ಆದರೆ ನಾನು ಅಲ್ಲಾಹನನ್ನು ಮಾತ್ರ ಸ್ತುತಿಸುತ್ತೇನೆ ಮತ್ತು ಅವನ ಪ್ರತಿಫಲದಲ್ಲಿ ತೃಪ್ತನಾಗಿದ್ದೇನೆ ಎಂಬುದು ಅವನ ಮಾತಿನ ಸಾರಾಂಶ. ಅವರು ಒಬ್ಬನನ್ನು ಅವನ ಹಿಂದೆ ಕಳುಹಿಸಿ ವಿಚಾರಿಸಿದಾಗ, ಆತ ಆಮಿರ್ ಬಿನ್ ಅಬ್ದುಖೈಸ್ ಎಂದು ತಿಳಿದುಬಂತು. ಮುಂದೆ ಬಸ್ರಾದ ಪ್ರಸಿದ್ಧ ವಿರಕ್ತರ ಸಾಲಿನಲ್ಲಿ ಈ ಹೆಸರು ಎದ್ದು ಕಾಣುತ್ತದೆ.

ಇಲ್ಲಿ ಎರಡು ಆಶೆಗಳು ಸೋತಿವೆ. ಪೆಟ್ಟಿಗೆಯನ್ನು ತಂದೊಪ್ಪಿಸಿದಾಗ ಸೋತದ್ದು ಧನದ ಆಶೆ. ಹೆಸರನ್ನು ಮರೆಮಾಚಿದಾಗ ಸೋತದ್ದು ಕೀರ್ತಿಯ ಆಶೆ. ಎರಡನೆಯದು ಮೊದಲನೆಯದಕ್ಕಿಂತ ಸೂಕ್ಷ್ಮವಾದುದು. ಧನವನ್ನು ಕೊಟ್ಟು ಕೀರ್ತಿಯನ್ನು ಕೊಳ್ಳುವವರ ಸಂಖ್ಯೆ ನಮ್ಮ ನಡುವೆಯೂ ಕಡಿಮೆಯಿಲ್ಲವಷ್ಟೆ. ಮಸೀದಿಗೆ ಕೊಟ್ಟ ಗಡಿಯಾರದ ಮೇಲೂ ದಾನಿಯ ಹೆಸರು ಇರುವುದನ್ನು ನಾವು ನೋಡುತ್ತೇವೆ.

ಸಂಪತ್ತಿನ ಐದನೆಯ ಒಂದು ಭಾಗವು ಮದೀನಾವನ್ನು ತಲುಪಿತು. ಕಿಸ್ರಾನ ಖಡ್ಗ, ನಡುಪಟ್ಟಿ ಮತ್ತು ಆಭರಣಗಳನ್ನು ಕಂಡ ಖಲೀಫಾ ಉಮರ್(ರ)ರವರು, ಇವುಗಳನ್ನು ಮುಟ್ಟದೆ ತಲುಪಿಸಿದ ಜನರು ನಿಜಕ್ಕೂ ಪ್ರಾಮಾಣಿಕರೆಂದು ಪ್ರಶಂಸಿಸಿದರು. ಪಕ್ಕದಲ್ಲಿದ್ದ ಅಲಿ(ರ)ರವರು ಕೊಟ್ಟ ಉತ್ತರವು ಆಡಳಿತಗಾರರೆಲ್ಲರೂ ನೆನಪಿಡಬೇಕಾದುದು: ನೀವು ನಿಮ್ಮನ್ನು ಹಿಡಿತದಲ್ಲಿಟ್ಟುಕೊಂಡಿರಿ, ಆದುದರಿಂದ ನಿಮ್ಮ ಪ್ರಜೆಗಳೂ ಹಿಡಿತದಲ್ಲಿದ್ದಾರೆ ಎಂದು ಅವರು ಹೇಳಿದರು.

ಅದೇ ವರ್ಷದಲ್ಲಿ ಜಲೂಲಾದ ಯುದ್ಧದ ಸೊತ್ತು ಬಂದಾಗ ಸಂಜೆಯಾಗಿತ್ತು. ಇದನ್ನು ಹಂಚುವವರೆಗೆ ಯಾವ ಛಾವಣಿಯ ಕೆಳಗೂ ಇಡಲಾರೆನೆಂದು ಉಮರ್(ರ)ರವರು ಹೇಳಿದರು. ಅದು ರಾತ್ರಿಯಿಡೀ ಮಸೀದಿಯ ಅಂಗಳದಲ್ಲಿತ್ತು. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮತ್ತು ಅಬ್ದುಲ್ಲಾ ಬಿನ್ ಅರ್ಕಮ್(ರ) ಅದಕ್ಕೆ ಕಾವಲಿದ್ದರು. ಬೆಳಿಗ್ಗೆ ಹೊದಿಕೆಯನ್ನು ಸರಿಸಿದಾಗ ಮಾಣಿಕ್ಯ, ಪಚ್ಚೆ ಮತ್ತು ಇತರ ರತ್ನಗಳು ಬಿಸಿಲಿಗೆ ಹೊಳೆದವು. ಉಮರ್(ರ)ರವರು ಅತ್ತರು. ಇದು ಕೃತಜ್ಞತೆ ಸಲ್ಲಿಸಬೇಕಾದ ಸಂದರ್ಭವಲ್ಲವೇ, ಅಳುವುದೇಕೆ ಎಂದು ಇಬ್ನು ಔಫ್(ರ) ಕೇಳಿದರು. ಅಲ್ಲಾಹನು ಇಂತಹ ಸಂಪತ್ತನ್ನು ಯಾವ ಜನತೆಗೆ ಕೊಟ್ಟರೂ ಅವರಲ್ಲಿ ಅಸೂಯೆ ಮತ್ತು ದ್ವೇಷ ಹುಟ್ಟದೆ ಇರಲಿಲ್ಲ, ಅಸೂಯೆ ಹುಟ್ಟಿದ ಮೇಲೆ ಅವರು ತಮ್ಮತಮ್ಮೊಳಗೆ ಕಾದಾಡದೆ ಇರಲಿಲ್ಲ ಎಂಬರ್ಥದಲ್ಲಿ ಖಲೀಫಾ ಉತ್ತರಿಸಿದರು.

ಈ ಭಯದ ಬೇರು ಪ್ರವಾದಿ(ಸ)ರವರ ಒಂದು ಎಚ್ಚರಿಕೆಯಲ್ಲಿದೆ. ಅಬೂ ಉಬೈದಾ(ರ)ರವರು ಬಹ್ರೈನಿನಿಂದ ಧನವನ್ನು ತಂದಿದ್ದಾರೆಂಬ ಸುದ್ದಿ ಹರಡಿದಾಗ ಅನ್ಸಾರರು ಎಂದಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ ಫಜ್ರ್ ನಮಾಝಿಗೆ ಬಂದು ಸೇರಿದರು. ಪ್ರವಾದಿ(ಸ)ರವರು ಅವರನ್ನು ನೋಡಿ ಮುಗುಳ್ನಕ್ಕರು. ಅವರನ್ನು ಗದರಿಸಲಿಲ್ಲ, ಬದಲಾಗಿ ಅವರಿಗೆ ಶುಭವಾರ್ತೆಯನ್ನೇ ನೀಡಿದರು. ಅದರ ಜೊತೆಗೆ, ತಾವು ಅವರ ಬಗ್ಗೆ ಭಯಪಡುವುದು ಬಡತನದ ಕಾರಣಕ್ಕಲ್ಲ, ಹಿಂದಿನವರ ಮುಂದೆ ಹರಡಲ್ಪಟ್ಟಂತೆ ಐಹಿಕ ಸಂಪತ್ತು ಇವರ ಮುಂದೆಯೂ ಹರಡಲ್ಪಟ್ಟು, ಇವರೂ ಅವರಂತೆಯೇ ಅದಕ್ಕಾಗಿ ಪೈಪೋಟಿಗಿಳಿದು ನಾಶವಾಗುವುದಕ್ಕೆ ಎಂದು ತಿಳಿಸಿದರು. ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳಲ್ಲಿರುವ ಈ ಹದೀಸನ್ನು ಉಮರ್(ರ)ರವರ ಕಣ್ಣೀರಿನೊಂದಿಗೆ ಇಟ್ಟು ಓದಬೇಕು. ಹಸಿದವರ ಮುಗುಳ್ನಗುವಿಗೆ ಕಾರಣವಾದುದೇ ಕೆಲವು ವರ್ಷಗಳ ಬಳಿಕ ಖಲೀಫಾರ ಅಳುವಿಗೆ ಕಾರಣವಾಗಿತ್ತು.

ಇನ್ನು ಆ ರತ್ನಗಂಬಳಿಯ ವಿಷಯ. ಮದಾಯಿನಿನ ಸೊತ್ತಿನಲ್ಲಿ ಅದು ಅತ್ಯಂತ ಅಪೂರ್ವವಾದುದಾಗಿತ್ತು. ತಬರಿಯ ವಿವರಣೆಯಂತೆ ಅದರ ಉದ್ದ 60 ಮೊಳ, ಅಗಲವೂ ಅಷ್ಟೇ. ಅದರಲ್ಲಿ ಹಾದಿಗಳ ಚಿತ್ರಗಳಿದ್ದವು. ನೀರಿನ ಕಾಲುವೆಗಳಂತೆ ರತ್ನಗಳನ್ನು ಕೂರಿಸಲಾಗಿತ್ತು. ಅಂಚುಗಳು ವಸಂತಕಾಲದಲ್ಲಿ ಹಸಿರುಕ್ಕಿದ ಹೊಲಗಳಂತಿದ್ದವು. ಗಿಡಗಳ ಎಲೆಗಳು ರೇಷ್ಮೆಯವು, ಹೂಗಳು ಬೆಳ್ಳಿಬಂಗಾರದವು, ಹಣ್ಣುಗಳು ರತ್ನದವು. ಚಳಿಗಾಲದಲ್ಲಿ ತೋಟದ ಹೂಗಳೆಲ್ಲ ಮುಗಿದು ಹೋದಾಗ ದೊರೆಗಳು ಇದನ್ನು ಹಾಸಿ ಅದರ ಮೇಲೆ ಕುಳಿತು ಮದ್ಯಪಾನ ಮಾಡುತ್ತಿದ್ದರು. ಋತುವು ಕಸಿದುಕೊಂಡುದನ್ನು ಚಿನ್ನದಿಂದ ಮರಳಿ ಪಡೆಯುವ ಪ್ರಯತ್ನವದು. ವಸಂತವೂ ತಮ್ಮ ಆಜ್ಞೆಯಂತೆ ನಿಲ್ಲಬೇಕೆಂದು ಬಯಸಿದ ರಾಜವಂಶಕ್ಕೆ ತನ್ನ ಸಿಂಹಾಸನವನ್ನೇ ನಿಲ್ಲಿಸಿಕೊಳ್ಳಲಾಗಲಿಲ್ಲ.

ಸಅದ್(ರ)ರವರಿಗೆ ಅದನ್ನು ಹಂಚುವ ಬಗೆ ತಿಳಿಯಲಿಲ್ಲ. ನಿಯಮದಂತೆ ಐದರಲ್ಲಿ ನಾಲ್ಕು ಪಾಲು ಸೈನಿಕರದ್ದು. ಅವರು ತಮ್ಮ ಪಾಲನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟು ಅದನ್ನು ಇಡಿಯಾಗಿ ಮದೀನಾಕ್ಕೆ ಕಳುಹಿಸಲು ಒಪ್ಪಿದರು. ಉಮರ್(ರ)ರವರು ಜನರನ್ನು ಕರೆದು ಸಲಹೆ ಕೇಳಿದರು. ಹೆಚ್ಚಿನವರು ಅದನ್ನು ಖಲೀಫಾರ ತೀರ್ಮಾನಕ್ಕೇ ಬಿಟ್ಟರು. ಅಲಿ(ರ)ರವರು ಮಾತ್ರ ಒಪ್ಪಲಿಲ್ಲ. ಮನುಷ್ಯನಿಗೆ ಈ ಲೋಕದಿಂದ ದಕ್ಕುವುದು ಅವನು ಕೊಟ್ಟು ಕಳೆದುದು, ಉಟ್ಟು ಹರಿದುದು, ಉಂಡು ಮುಗಿಸಿದುದು ಮಾತ್ರವೆಂದು ಅವರು ನೆನಪಿಸಿದರು. ಇದನ್ನು ಇಂದು ಹೀಗೆಯೇ ಉಳಿಸಿದರೆ, ತನ್ನದಲ್ಲದುದನ್ನು ತನ್ನದೆಂದು ಹೇಳಿಕೊಳ್ಳುವವನೊಬ್ಬನು ನಾಳೆ ಖಂಡಿತ ಬರುತ್ತಾನೆಂದರು. ಉಮರ್(ರ)ರವರು ಅವರ ಮಾತನ್ನು ಮೆಚ್ಚಿ ಗಂಬಳಿಯನ್ನು ತುಂಡುತುಂಡಾಗಿ ಕತ್ತರಿಸಿ ಹಂಚಿದರು. ಅಲಿ(ರ)ರವರು ತಮ್ಮ ಪಾಲಿನ ತುಂಡನ್ನು 20,000 ದಿರ್ಹಮ್‌ಗಳಿಗೆ ಮಾರಿದರು. ಅದು ಎಲ್ಲಕ್ಕಿಂತ ಉತ್ತಮವಾದ ತುಂಡೇನೂ ಆಗಿರಲಿಲ್ಲ.

ಕಲೆಯನ್ನು ಪ್ರೀತಿಸುವವರು ಇದನ್ನು ಓದಿ ಮರುಗುತ್ತಾರೆ. ಅವರ ಮರುಕವನ್ನು ನಾವು ತಳ್ಳಿಹಾಕುವುದಿಲ್ಲ. ಎಷ್ಟೋ ನೇಕಾರರ ಕೈಗಳು ವರ್ಷಗಟ್ಟಲೆ ದುಡಿದ ಕೃತಿಯೊಂದು ಅಂದು ಇಲ್ಲವಾಯಿತೆಂಬುದು ನಿಜ. ಆದರೆ ಅಂದು ಅದನ್ನು ಇಡಲು ವಸ್ತುಸಂಗ್ರಹಾಲಯವಿರಲಿಲ್ಲ; ಇಡುವುದಾದರೆ ಒಬ್ಬನ ಅರಮನೆಯಲ್ಲಿ, ಒಬ್ಬನ ಪಾದಗಳಡಿಯಲ್ಲಿ ಇಡಬೇಕಿತ್ತು. ಅಂತಹ ಗಂಬಳಿಗೆ ತಕ್ಕ ಕೋಣೆ ಬೇಕು, ಕೋಣೆಗೆ ತಕ್ಕ ಮಹಲು ಬೇಕು, ಮಹಲಿಗೆ ತಕ್ಕ ದ್ವಾರಪಾಲಕರು ಬೇಕು. ಖರ್ಜೂರದ ಗರಿಯ ಮಾಡಿನ ಮಸೀದಿಯಲ್ಲಿ ಕುಳಿತು ಆಡಳಿತ ನಡೆಸುತ್ತಿದ್ದ ಖಲೀಫಾರಿಗೆ ಆ ಸರಪಳಿಯ ಮೊದಲ ಕೊಂಡಿ ಕಂಡಿತು. ಮದುವೆಗೊಂದು ಸಭಾಂಗಣ, ಸಭಾಂಗಣಕ್ಕೆ ತಕ್ಕ ಅಲಂಕಾರ, ಅಲಂಕಾರಕ್ಕೆ ತಕ್ಕ ಭೋಜನ, ಇವೆಲ್ಲಕ್ಕಾಗಿ ಸಾಲ ಎಂಬ ಸರಪಳಿಯನ್ನು ಕಂಡಿರುವ ನಮಗೆ ಇದು ಅರ್ಥವಾಗದ ಸಂಗತಿಯಲ್ಲ. ಕೆಲವೇ ಕಾಲದಲ್ಲಿ ಅದೇ ಸಅದ್(ರ)ರವರು ಕೂಫಾದಲ್ಲಿ ತಮ್ಮ ಮನೆಗೆ ಬಾಗಿಲು ಇರಿಸಿಕೊಂಡಾಗ, ಅದು ಜನರಿಗೂ ರಾಜ್ಯಪಾಲರಿಗೂ ನಡುವೆ ಅಡ್ಡವಾಗುತ್ತದೆಂದು ಉಮರ್(ರ)ರವರು ಮುಹಮ್ಮದ್ ಬಿನ್ ಮಸ್ಲಮಾ(ರ)ರವರನ್ನು ಕಳುಹಿಸಿ ಆ ಬಾಗಿಲನ್ನು ಸುಡಿಸಿದರು.

ಸಂಪತ್ತಿನ ಹರಿವು ಮುಂದುವರಿದಾಗ ಉಮರ್(ರ)ರವರು ದೀವಾನ್ ಎಂಬ ದಾಖಲೆ ಪುಸ್ತಕವನ್ನು ಸ್ಥಾಪಿಸಿ ಪ್ರತಿಯೊಬ್ಬರಿಗೂ ವಾರ್ಷಿಕ ವೇತನವನ್ನು ಗೊತ್ತುಪಡಿಸಿದರು. ಬದ್ರ್ ಯುದ್ಧದಲ್ಲಿ ಭಾಗವಹಿಸಿದವರಿಗೆ 5,000 ದಿರ್ಹಮ್, ಪ್ರವಾದಿ ಪತ್ನಿಯರಿಗೆ ಅದಕ್ಕಿಂತ ಬಹಳಷ್ಟು ಹೆಚ್ಚು. ಉಮ್ಮುಲ್ ಮೂಮಿನೀನ್ ಝೈನಬ್ ಬಿನ್ತ್ ಜಹ್ಶ್(ರ)ರವರ ಮನೆಗೆ 12,000 ದಿರ್ಹಮ್‌ಗಳು ಬಂದಾಗ, ಅದೆಲ್ಲವೂ ತಮ್ಮದೊಬ್ಬರದೇ ಎಂದು ಅವರಿಗೆ ನಂಬಲಾಗಲಿಲ್ಲ. ಅದರ ಮೇಲೆ ಒಂದು ಬಟ್ಟೆಯನ್ನು ಹೊದಿಸಲು ಹೇಳಿದರು. ನೋಡುವುದಕ್ಕೂ ಅವರು ಬಯಸಲಿಲ್ಲ. ಬಳಿಯಲ್ಲಿದ್ದ ಬರ್ಝಾ ಎಂಬ ಮಹಿಳೆಗೆ ಬಟ್ಟೆಯ ಕೆಳಗೆ ಕೈಹಾಕಿ ಒಂದೊಂದು ಹಿಡಿ ತೆಗೆದು ಇಂತಹ ಬಂಧುವಿಗೆ, ಇಂತಹ ಅನಾಥನಿಗೆ ಎಂದು ಕೊಡಲು ಸೂಚಿಸುತ್ತಾ ಹೋದರು. ಕೊನೆಗೆ ಬರ್ಝಾ, ನಮಗೂ ಇದರಲ್ಲಿ ಹಕ್ಕಿದೆಯಲ್ಲವೇ ಎಂದು ನೆನಪಿಸಿದಾಗ, ಉಳಿದುದು ನಿಮ್ಮದೆಂದರು. ಬಟ್ಟೆಯನ್ನು ಎತ್ತಿದಾಗ ಅಲ್ಲಿ 85 ದಿರ್ಹಮ್‌ಗಳಿದ್ದವೆಂದು ಇಬ್ನು ಸಅದ್ ದಾಖಲಿಸುತ್ತಾರೆ. ಆ ಬಳಿಕ ಅವರು ಕೈಯೆತ್ತಿ, ಮುಂದಿನ ವರ್ಷ ಉಮರ್‌ರ ಈ ಕೊಡುಗೆ ತಮ್ಮನ್ನು ತಲುಪದಿರಲೆಂದು ಪ್ರಾರ್ಥಿಸಿದರು. ಅದು ತಲುಪಲಿಲ್ಲ. ಹಿಜರಿ 20ರಲ್ಲಿ ಅವರು ನಿಧನರಾದರು.

ಝೈನಬ್(ರ)ರವರು ತೊಗಲು ಹದಮಾಡಿ, ಹೊಲಿದು, ಸ್ವಂತ ಕೈಗಳಿಂದ ಸಂಪಾದಿಸಿ ದಾನ ಮಾಡುತ್ತಿದ್ದವರು. ತಮ್ಮ ಪತ್ನಿಯರಲ್ಲಿ ಉದ್ದ ಕೈಯವರೇ ತಮ್ಮನ್ನು ಮೊದಲು ಬಂದು ಸೇರುವರೆಂದು ಪ್ರವಾದಿ(ಸ)ರವರು ಹೇಳಿದ್ದರು. ಅದನ್ನು ಕೇಳಿ ಪತ್ನಿಯರು ಗೋಡೆಗೆ ಕೈಚಾಚಿ ಅಳೆದು ನೋಡಿದ್ದೂ ಉಂಟು. ಝೈನಬ್(ರ) ಗಿಡ್ಡ ದೇಹದವರು. ಅವರು ಎಲ್ಲರಿಗಿಂತ ಮೊದಲು ತೀರಿಕೊಂಡಾಗಲೇ ಆ ಮಾತಿನ ಅರ್ಥ ಉಳಿದವರಿಗೆ ಹೊಳೆಯಿತು.

ಹಾಗಾದರೆ ಸಂಪತ್ತನ್ನು ಇಟ್ಟುಕೊಳ್ಳುವುದೇ ತಪ್ಪೇ? ಈ ಪ್ರಶ್ನೆ ಸಹಾಬಿಗಳ ಕಾಲದಲ್ಲಿಯೇ ಎದ್ದಿತು. ಶಾಮ್ ದೇಶದಲ್ಲಿದ್ದ ಅಬೂದರ್ರ್ ಗಿಫಾರಿ(ರ)ರವರು, ಚಿನ್ನ ಬೆಳ್ಳಿಗಳನ್ನು ಕೂಡಿಟ್ಟು ಅಲ್ಲಾಹನ ಮಾರ್ಗದಲ್ಲಿ ವ್ಯಯಿಸದವರಿಗೆ ಶಿಕ್ಷೆಯ ಎಚ್ಚರಿಕೆ ನೀಡುವ ತೌಬಾ ಅಧ್ಯಾಯದ 34ನೆಯ ಸೂಕ್ತವನ್ನು ಎತ್ತಿ ಸಾರ್ವಜನಿಕವಾಗಿ ಮಾತನಾಡತೊಡಗಿದರು. ಅದು ಗ್ರಂಥದವರ ಕುರಿತು ಅವತೀರ್ಣವಾದುದೆಂದು ರಾಜ್ಯಪಾಲರಾಗಿದ್ದ ಮುಆವಿಯಾ(ರ) ಹೇಳಿದರು. ಅವರ ಕುರಿತೂ ಹೌದು, ನಮ್ಮ ಕುರಿತೂ ಹೌದು ಎಂದು ಅಬೂದರ್ರ್(ರ) ಪಟ್ಟುಹಿಡಿದರು. ವಿಷಯ ಖಲೀಫಾ ಉಸ್ಮಾನ್(ರ)ರವರನ್ನು ತಲುಪಿ, ಅವರು ಅಬೂದರ್ರ್‌ರನ್ನು ಮದೀನಾಕ್ಕೆ ಕರೆಸಿಕೊಂಡರು. ಅಲ್ಲಿಯೂ ಜನರು ಅವರನ್ನು ಹಿಂದೆಂದೂ ಕಾಣದವರಂತೆ ಮುತ್ತಿಕೊಂಡರು. ಬಯಸಿದರೆ ಹತ್ತಿರದಲ್ಲೇ ಎಲ್ಲಿಯಾದರೂ ದೂರವಿರಬಹುದೆಂದು ಖಲೀಫಾ ಸೂಚಿಸಿದರು. ಅವರು ರಬದಾ ಎಂಬ ಮರುಭೂಮಿಯ ತಾಣಕ್ಕೆ ಹೋಗಿ ನೆಲೆಸಿದರು. ದಂಗೆಯ ಮಾತನ್ನು ಅವರು ಆಡಲಿಲ್ಲ. ಹಿಜರಿ 32ರಲ್ಲಿ ಅಲ್ಲಿಯೇ ತೀರಿಕೊಂಡಾಗ, ಅವರ ಪತ್ನಿಯ ಬಳಿ ಕಫನಿಗೆ ಸಾಕಾಗುವಷ್ಟು ಬಟ್ಟೆಯಿರಲಿಲ್ಲ. ದಾರಿಹೋಕರ ತಂಡವೊಂದು ಬಂದು ಅವರನ್ನು ದಫನ ಮಾಡಿತು.

ಅದೇ ಹಿಜರಿ 32ರಲ್ಲಿ ಮದೀನಾದಲ್ಲಿ ಮತ್ತೊಬ್ಬ ಮಹಾ ಸಹಾಬಿ ತೀರಿಕೊಂಡರು. ಜಲೂಲಾದ ರತ್ನಗಳಿಗೆ ರಾತ್ರಿಯಿಡೀ ಕಾವಲಿದ್ದ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರು. ಅವರು ಬಿಟ್ಟುಹೋದ ಚಿನ್ನವನ್ನು ವಾರಸುದಾರರಿಗೆ ಹಂಚಲು ಕೊಡಲಿಯಿಂದ ಕಡಿಯಬೇಕಾಯಿತು, ಕಡಿದವರ ಕೈಗಳಲ್ಲಿ ಬೊಬ್ಬೆಗಳೆದ್ದವು ಎಂಬ ವರದಿಯಿದೆ. ಒಂದೇ ವರ್ಷದ ಈ ಎರಡು ಮರಣಗಳನ್ನು ಎದುರುಬದುರಾಗಿಟ್ಟು ಒಬ್ಬರನ್ನು ಹೊಗಳಿ ಮತ್ತೊಬ್ಬರನ್ನು ತೆಗಳುವುದು ಸುಲಭ. ಹಾಗೆ ಮಾಡಿದವರೂ ಇದ್ದಾರೆ. ಆದರೆ ಇಬ್ನು ಔಫ್(ರ) ಸ್ವರ್ಗದ ಶುಭವಾರ್ತೆ ಪಡೆದ ಹತ್ತು ಮಂದಿಯಲ್ಲಿ ಒಬ್ಬರು. ಬರಿಗೈಯಲ್ಲಿ ಮದೀನಾಕ್ಕೆ ಬಂದಾಗ ಅನ್ಸಾರಿ ಸಹೋದರ ಸಅದ್ ಬಿನ್ ರಬೀಅ್(ರ) ತನ್ನ ಸೊತ್ತಿನ ಅರ್ಧವನ್ನು ಮುಂದಿಟ್ಟರೂ, ಅದನ್ನು ನಯವಾಗಿ ನಿರಾಕರಿಸಿ ಮಾರುಕಟ್ಟೆಯ ದಾರಿ ಕೇಳಿದವರು. ಒಮ್ಮೆ ಉಪವಾಸದ ಸಂಜೆ ಅವರ ಮುಂದೆ ಊಟವನ್ನು ತಂದಿಟ್ಟಾಗ ಅವರಿಗೆ ಮುಸ್ಅಬ್ ಬಿನ್ ಉಮೈರ್(ರ)ರವರ ನೆನಪಾಯಿತು. ತನಗಿಂತ ಉತ್ತಮರಾಗಿದ್ದ ಮುಸ್ಅಬ್‌ರಿಗೆ ಉಹುದಿನಲ್ಲಿ ಹೊದಿಸಲು ಸಿಕ್ಕಿದ ಬಟ್ಟೆ ತಲೆ ಮುಚ್ಚಿದರೆ ಕಾಲಿಗೆ ಸಾಲದು, ಕಾಲು ಮುಚ್ಚಿದರೆ ತಲೆಗೆ ಸಾಲದು ಎನ್ನುವಂತಿತ್ತು. ನಮ್ಮ ಸತ್ಕರ್ಮಗಳ ಪ್ರತಿಫಲವನ್ನು ನಮಗೆ ಇಲ್ಲಿಯೇ ಕೊಟ್ಟು ಮುಗಿಸಲಾಗಿದೆಯೋ ಎಂದು ಭಯವಾಗುತ್ತಿದೆ ಎನ್ನುತ್ತಾ ಅವರು ಅತ್ತು ಊಟವನ್ನು ಹಾಗೆಯೇ ಬಿಟ್ಟೆದ್ದರು.

ಝಕಾತ್ ಪಾವತಿಸಿದ ಸಂಪತ್ತು ಆ ಸೂಕ್ತದಲ್ಲಿ ಖಂಡಿಸಲಾದ ನಿಧಿಯಲ್ಲವೆಂಬುದು ಅಬ್ದುಲ್ಲಾ ಬಿನ್ ಉಮರ್(ರ)ರವರ ಅಭಿಪ್ರಾಯ. ವಿದ್ವಾಂಸರಲ್ಲಿ ಬಹುಸಂಖ್ಯಾತರೂ ಅದನ್ನೇ ಒಪ್ಪಿದ್ದಾರೆ, ಶರೀಅತ್ತಿನ ವಿಧಿಯೂ ಅದರಂತೆಯೇ ನಿಂತಿದೆ. ನಾವೂ ಅದನ್ನೇ ಸರಿಯೆಂದು ತಿಳಿಯುತ್ತೇವೆ. ಆದರೂ ಈ ತೀರ್ಪನ್ನು ಹಿಡಿದು ಅಬೂದರ್ರ್(ರ)ರವರ ಧ್ವನಿಯನ್ನು ಮುಚ್ಚಿಬಿಡುವುದು ನ್ಯಾಯವಲ್ಲ. ಎಷ್ಟನ್ನು ಕೊಡಬೇಕೆಂದು ಝಕಾತಿನ ನಿಯಮ ಹೇಳುತ್ತದೆ. ಕೊಟ್ಟ ಬಳಿಕ ಉಳಿದುದು ನಮ್ಮ ಮನಸ್ಸನ್ನು ಏನು ಮಾಡುತ್ತದೆಂದು ಅಬೂದರ್ರ್(ರ) ಕೇಳುತ್ತಿದ್ದರು. ಇಬ್ನು ಔಫ್(ರ)ರವರ ಊಟದ ತಟ್ಟೆಯ ಮುಂದೆ ಅದೇ ಪ್ರಶ್ನೆ ಬಂದು ನಿಂತಿತ್ತು. ಶ್ರೀಮಂತರಾಗಿಯೂ ಅವರು ಅದನ್ನು ಓಡಿಸಲಿಲ್ಲ.

ಕೂಫಾದಲ್ಲಿ ಖಬ್ಬಾಬ್ ಬಿನ್ ಅರತ್(ರ)ರವರಿಗೂ ಅದೇ ಕಾಡಿತು. ಮಕ್ಕಾದಲ್ಲಿ ಕಮ್ಮಾರರಾಗಿದ್ದು, ಸತ್ಯವಿಶ್ವಾಸಕ್ಕಾಗಿ ಮೈಸುಟ್ಟುಕೊಂಡವರು ಅವರು. ಕಾಯಿಲೆಯಲ್ಲಿ ಮಲಗಿದ್ದಾಗ ನೋಡಲು ಬಂದವರೊಡನೆ, ಪ್ರವಾದಿ(ಸ)ರವರ ಜೊತೆಯಲ್ಲಿದ್ದಾಗ ತಮ್ಮ ಬಳಿ ಒಂದು ದಿರ್ಹಮ್ ಇರಲಿಲ್ಲ, ಇಂದು ಮನೆಯ ಮೂಲೆಯಲ್ಲಿ 40,000 ದಿರ್ಹಮ್‌ಗಳಿವೆ ಎಂದು ಹೇಳಿಕೊಂಡರು. ಬೆಂಕಿಯ ಕೆಂಡಗಳಿಗೆ ಹೆದರದಿದ್ದವರು ತಮ್ಮದೇ ಮನೆಯ ಮೂಲೆಗೆ ಹೆದರಿದ್ದರು.

ಇನ್ನು ಮದಾಯಿನಿಗೆ ಮರಳೋಣ. ದೊರೆ ಓಡಿಹೋದ ಆ ನಗರಕ್ಕೆ ಉಮರ್(ರ)ರವರು ಸಲ್ಮಾನ್ ಫಾರಿಸಿ(ರ)ರವರನ್ನು ರಾಜ್ಯಪಾಲರನ್ನಾಗಿ ನೇಮಿಸಿದರು. ಸಲ್ಮಾನ್(ರ) ಇಸ್ಫಹಾನ್ ಪ್ರದೇಶದ ಭೂಮಾಲೀಕನೊಬ್ಬನ ಮುದ್ದಿನ ಮಗ. ಸತ್ಯವನ್ನು ಹುಡುಕುತ್ತಾ ಮನೆ ತೊರೆದು, ದಾರಿಯಲ್ಲಿ ಗುಲಾಮನಾಗಿ ಮಾರಲ್ಪಟ್ಟು, ಮದೀನಾವನ್ನು ಸೇರಿದವರು. ತಮ್ಮ ತಂದೆಯಂತಹವರು ಯಾವ ದೊರೆಗೆ ತಲೆಬಾಗುತ್ತಿದ್ದರೋ ಆ ದೊರೆಯ ಊರಿಗೆ ಅವರು ಅಧಿಕಾರಿಯಾಗಿ ಬಂದರು. ವೇತನ 5,000 ದಿರ್ಹಮ್. ಅದು ಕೈಗೆ ಬಂದೊಡನೆ ದಾನವಾಗಿ ಹೋಗುತ್ತಿತ್ತು. ಜೀವನಕ್ಕೆ ಅವರು ಖರ್ಜೂರದ ಗರಿಗಳನ್ನು ಹೆಣೆಯುತ್ತಿದ್ದರು. ಒಂದು ದಿರ್ಹಮ್‌ಗೆ ಗರಿ ಕೊಂಡು, ಹೆಣೆದು, ಮೂರಕ್ಕೆ ಮಾರುತ್ತಿದ್ದರು. ಅದರಲ್ಲಿ ಒಂದು ಮತ್ತೆ ಗರಿಗೆ, ಒಂದು ಮನೆಯವರಿಗೆ, ಒಂದು ದಾನಕ್ಕೆ. ಅವರಲ್ಲಿದ್ದ ಒಂದು ನಿಲುವಂಗಿಯ ಅರ್ಧವನ್ನು ಹಾಸಿ ಅರ್ಧವನ್ನು ಹೊದೆಯುತ್ತಿದ್ದರು. ಒಮ್ಮೆ ಶಾಮಿನಿಂದ ಬಂದವನೊಬ್ಬನು ಅವರನ್ನು ಕೂಲಿಯಾಳೆಂದು ತಿಳಿದು ಹೊರೆಯನ್ನು ಹೊರಿಸಿದನು. ದಾರಿಯಲ್ಲಿ ಜನರು ಗುರುತಿಸಿ ಗಾಬರಿಯಾದರೂ, ಅವನ ಮನೆಯನ್ನು ತಲುಪಿಸುವವರೆಗೆ ಸಲ್ಮಾನ್(ರ) ಹೊರೆಯನ್ನು ಇಳಿಸಲಿಲ್ಲ.

ಇಷ್ಟನ್ನೇ ಕೇಳಿದವರು ಸಲ್ಮಾನ್(ರ)ರವರನ್ನು ಲೋಕವನ್ನೇ ತ್ಯಜಿಸಿದ ಸನ್ಯಾಸಿಯೆಂದು ಭಾವಿಸಬಹುದು. ಆದರೆ ಸ್ವಹೀಹುಲ್ ಬುಖಾರಿಯಲ್ಲಿರುವ ಪ್ರಸಂಗವೊಂದು ಆ ಭಾವನೆಯನ್ನು ತಿದ್ದುತ್ತದೆ. ಪ್ರವಾದಿ(ಸ)ರವರು ಅವರನ್ನೂ ಅಬುದ್ದರ್ದಾಅ್(ರ)ರವರನ್ನೂ ಸಹೋದರರನ್ನಾಗಿ ಮಾಡಿದ್ದರು. ಒಂದು ದಿನ ಸಹೋದರನ ಮನೆಗೆ ಹೋದಾಗ ಅವರ ಪತ್ನಿ ತಮ್ಮ ಉಡುಗೆತೊಡುಗೆಯನ್ನು ಕಡೆಗಣಿಸಿರುವುದು ಕಂಡಿತು. ಕಾರಣ ಕೇಳಿದರೆ, ನಿಮ್ಮ ಸಹೋದರರಿಗೆ ಈ ಲೋಕದ ಅಗತ್ಯವೇ ಇಲ್ಲವೆಂದು ಆಕೆ ಹೇಳಿದರು. ಊಟ ಬಂದಾಗ ಅಬುದ್ದರ್ದಾಅ್(ರ) ತಾನು ಉಪವಾಸವೆಂದರು. ನೀವು ಉಣ್ಣದೆ ನಾನು ಉಣ್ಣುವುದಿಲ್ಲವೆಂದು ಸಲ್ಮಾನ್(ರ) ಅವರನ್ನು ಉಣ್ಣಿಸಿದರು. ರಾತ್ರಿ ನಮಾಝಿಗೆಂದು ಎದ್ದಾಗಲೆಲ್ಲ ಮಲಗಿರೆಂದರು; ರಾತ್ರಿಯ ಕೊನೆಯ ಭಾಗದಲ್ಲಿ ಈಗ ಏಳಿರೆಂದು ಎಬ್ಬಿಸಿ ಇಬ್ಬರೂ ನಮಾಝ್ ಮಾಡಿದರು. ಬಳಿಕ, ಪ್ರಭುವಿಗಿರುವಂತೆಯೇ ತನ್ನ ದೇಹಕ್ಕೂ ಮನೆಯವರಿಗೂ ಹಕ್ಕಿದೆ, ಅವರವರ ಹಕ್ಕನ್ನು ಅವರವರಿಗೆ ಸಲ್ಲಿಸಬೇಕೆಂದು ತಿಳಿಹೇಳಿದರು. ಇದು ಪ್ರವಾದಿ(ಸ)ರವರ ಕಿವಿಗೆ ಬಿದ್ದಾಗ ಸಲ್ಮಾನ್ ಹೇಳಿದ್ದು ಸತ್ಯವೆಂದರು. ಮೂರು ದಿರ್ಹಮ್‌ಗಳಲ್ಲಿ ಒಂದನ್ನು ಮನೆಯವರಿಗೆಂದು ಎತ್ತಿಡುತ್ತಿದ್ದವರು ಇದೇ ಸಲ್ಮಾನ್(ರ). ಝುಹ್ದ್ ಎಂದರೆ ಮಡದಿ ಮಕ್ಕಳ ಪಾಲನ್ನು ಕಸಿದು ತಾನು ವಿರಕ್ತನೆನಿಸಿಕೊಳ್ಳುವುದಲ್ಲವೆಂದು ಅವರು ಬಲ್ಲವರಾಗಿದ್ದರು.

ಅವರು ಕೊನೆಯ ಕಾಯಿಲೆಯಲ್ಲಿ ಮಲಗಿದಾಗ ನೋಡಲು ಬಂದವರು ಸಅದ್ ಬಿನ್ ಅಬೀ ವಕ್ಕಾಸ್(ರ). ಕಿಸ್ರಾನ ಉಗ್ರಾಣಗಳ ಬೀಗ ತೆರೆಸಿದ ಅದೇ ಸಅದ್. ಸಲ್ಮಾನ್(ರ) ಅಳುತ್ತಿದ್ದರು. ಪ್ರವಾದಿ(ಸ)ರವರ ಸಾಂಗತ್ಯ ಪಡೆದಿದ್ದೀರಿ, ಅಳುವುದೇಕೆ ಎಂದು ಸಅದ್(ರ) ಸಂತೈಸಿದರು. ಲೋಕದ ಮೋಹದಿಂದಾಗಲೀ ಪರಲೋಕದ ಮೇಲಿನ ಜಿಗುಪ್ಸೆಯಿಂದಾಗಲೀ ಅಳುತ್ತಿಲ್ಲವೆಂದು ಸಲ್ಮಾನ್(ರ) ಉತ್ತರಿಸಿದರು. ಸವಾರನ ಬುತ್ತಿಯಷ್ಟು ಮಾತ್ರ ನಿಮಗೆ ಸಾಕೆಂದು ಪ್ರವಾದಿ(ಸ)ರವರು ನಮ್ಮಿಂದ ಕರಾರು ಪಡೆದಿದ್ದರು, ನಾನು ಅದನ್ನು ಮೀರಿಬಿಟ್ಟೆನೆಂದು ತೋರುತ್ತಿದೆ ಎಂಬುದು ಅವರ ಅಳಲು. ಸುತ್ತಲೂ ಇದ್ದುದು ಬಟ್ಟೆ ತೊಳೆಯುವ ಒಂದು ಬೋಗುಣಿ, ಉಣ್ಣುವ ಒಂದು ಬಟ್ಟಲು, ವುಝೂವಿನ ಒಂದು ಪಾತ್ರೆ. ಅನಂತರ ಅವರು ಸಅದ್‌ರಿಗೆ, ಏನನ್ನಾದರೂ ಸಂಕಲ್ಪಿಸುವಾಗ, ತೀರ್ಪು ನೀಡುವಾಗ ಮತ್ತು ಸೊತ್ತನ್ನು ಹಂಚುವಾಗ ಅಲ್ಲಾಹನನ್ನು ಭಯಪಡಬೇಕೆಂದು ಉಪದೇಶಿಸಿದರು.

ಅವರು ಬಿಟ್ಟುಹೋದ ಹಣ ಇಪ್ಪತ್ತಕ್ಕಿಂತ ತುಸು ಹೆಚ್ಚು ದಿರ್ಹಮ್‌ಗಳೆಂದು ಇಬ್ನು ಮಾಜಾ ಸಂಗ್ರಹದಲ್ಲಿದೆ. ಬಗ್ದಾದಿನ ಆಗ್ನೇಯಕ್ಕೆ ಟೈಗ್ರಿಸ್ ದಂಡೆಯಲ್ಲಿರುವ ಅವರ ಸಮಾಧಿಯಿಂದಾಗಿ ಆ ಊರಿಗೆ ಇಂದು ಸಲ್ಮಾನ್ ಪಾಕ್ ಎಂಬ ಹೆಸರು. ಅದರ ಸನಿಹದಲ್ಲೇ ಕಿಸ್ರಾನ ಅರಮನೆಯ ಇಟ್ಟಿಗೆಯ ಮಹಾ ಕಮಾನು ನಿಂತಿದೆ. ಅರಮನೆಯ ಮುಂಭಾಗದ ಒಂದು ಪಾರ್ಶ್ವವು 1888ರ ಪ್ರವಾಹದಲ್ಲಿ ಕುಸಿದುಬಿತ್ತು.